ಉಬ್ಬಿದ ನಾಳಕ್ಕೆ ಮೊದಲು ಗುಳಿಗೆ, ಆಮೇಲೆ ಕತ್ತರಿ

ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಎಡಗೈ ಸೋಲುತ್ತದೆ, ಜೋಮು ಹಿಡಿಯುತ್ತದೆ, ಸ್ವಲ್ಪ ಕೂತರೆ ಸರಿಹೋಗುತ್ತದೆ. ಇಪ್ಪತ್ತೈದರ ಹೆಣ್ಣುಮಗಳಿಗೆ ಹೀಗಾದರೆ ಮನೆಯಲ್ಲಿ ಬರುವ ಮೊದಲ ಮಾತು ‘ಮೈಯಾಗ ರಕ್ತ ಇಲ್ಲ’ ಎಂಬುದು. ಟಾನಿಕ್ಕು ಮುಗಿಯುತ್ತದೆ, ಸಲಾಯಿನ್ ಹಚ್ಚಿಸಿಕೊಂಡದ್ದೂ ಆಗುತ್ತದೆ. ಕಡೆಗೊಮ್ಮೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ವರದಿಯಲ್ಲಿ ಎರಡು ಸಂಗತಿ ಕಾಣುತ್ತವೆ: ರಕ್ತನಾಳ ಕೆಲವು ಕಡೆ ಕಿರಿದಾಗಿದೆ, ಒಂದು ಕಡೆ ಉಬ್ಬಿದೆ. ಉಬ್ಬು ಒಡೆದರೆ ಗತಿಯೇನು ಎಂದು ಮನೆಯವರು ಹೊಲ ಒತ್ತೆ ಇಟ್ಟಾದರೂ ಆಪರೇಷನ್ ಮಾಡಿಸಲು ಸಿದ್ಧರಾಗುತ್ತಾರೆ. ಡಾಕ್ಟರು ನೋಡಿದರೆ ‘ಈಗಲೇ ಆಪರೇಷನ್ ಬೇಡ, ಈ ಗುಳಿಗೆ ಶುರು ಮಾಡಿ’ ಎನ್ನುತ್ತಾರೆ.

ಇಷ್ಟು ದೊಡ್ಡ ಜಡ್ಡಿಗೆ ಬರೀ ಗುಳಿಗೆಯೇ ಎಂಬ ಅನುಮಾನ ಹುಟ್ಟುವುದು ಇಲ್ಲೇ. ಆಗ ಇನ್ನೊಂದು ದವಾಖಾನೆ, ಮತ್ತೊಂದು ಊರು ಎಂಬ ತಿರುಗಾಟ ಶುರುವಾಗುತ್ತದೆ. ಹೀಗೆ ತಿರುಗುವ ತಿಂಗಳುಗಳಲ್ಲೇ ನಾಳ ಹೆಚ್ಚು ಹಾಳಾಗುತ್ತದೆ. ಡಾಕ್ಟರು ಹೇಳಿದ್ದು ಬಹುತೇಕ ಸರಿಯೇ ಇರುತ್ತದೆ. ಏಕೆ ಸರಿ ಎಂಬುದನ್ನು ಬಿಡಿಸಿ ಹೇಳಲು ಅವರಿಗೆ ಹೊತ್ತು ಸಿಕ್ಕಿರುವುದಿಲ್ಲ, ಅಷ್ಟೇ.

ನಾಳ ಉಬ್ಬುವುದು ಏಕೆ?

ವಯಸ್ಸಾದವರಲ್ಲಿ ರಕ್ತನಾಳ ಉಬ್ಬಲು ಸಾಮಾನ್ಯ ಕಾರಣಗಳು ಬೀಡಿ, ಸಿಗರೇಟು, ಬಿಪಿ, ಕೊಬ್ಬು. ಇಲ್ಲಿ ಹೇಳುತ್ತಿರುವ ಉಬ್ಬಿನ ಕತೆ ಬೇರೆ. ದೇಹವನ್ನು ಸೋಂಕಿನಿಂದ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಅಪಧಮನಿಯ ಗೋಡೆಯ ಮೇಲೆ ದಾಳಿ ಮಾಡುತ್ತದೆ. ಇದನ್ನು ರಕ್ತನಾಳದ ಉರಿಯೂತ ಅಥವಾ ವ್ಯಾಸ್ಕುಲೈಟಿಸ್ ಎನ್ನುತ್ತಾರೆ. ಗೋಡೆ ದಪ್ಪವಾದಲ್ಲಿ ನಾಳ ಕಿರಿದಾಗುತ್ತದೆ. ಗೋಡೆಯ ಹಿಗ್ಗುವ ನಾರುಗಳು ಸವೆದಲ್ಲಿ, ಹಳೆಯ ಸೈಕಲ್ ಟಯರಿನ ನೂಲು ಹರಿದ ಜಾಗದಲ್ಲಿ ಟ್ಯೂಬು ಉಬ್ಬಿದ ಹಾಗೆ, ರಕ್ತದ ಒತ್ತಡಕ್ಕೆ ನಾಳ ಉಬ್ಬುತ್ತದೆ. ಈ ಉಬ್ಬಿಗೆ ಅನ್ಯೂರಿಸಮ್ ಎಂದು ಹೆಸರು.

ನಮ್ಮ ಕಡೆ ಯುವತಿಯರಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಟಕಯಾಸು ಕಾಯಿಲೆ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ಒಬ್ಬ ಯುವತಿಯ ಕಣ್ಣಿನ ನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದ. ಹೆಸರು ಜಪಾನಿನದಾದರೂ ಭಾರತದಲ್ಲೂ ಈ ಕಾಯಿಲೆ ಕಾಣುತ್ತದೆ. ರೋಗ ಎಷ್ಟು ಸಕ್ರಿಯವಾಗಿದೆ ಎಂದು ಅಳೆಯಲು ನಮ್ಮ ದೇಶದ ವೈದ್ಯರೇ ರೂಪಿಸಿದ ‘ಐಟಾಸ್ 2010’ ಎಂಬ ಅಳತೆಪಟ್ಟಿಯನ್ನು ಹೊರದೇಶದವರೂ ಬಳಸುತ್ತಾರೆ. ಮಹಾಪಧಮನಿ ಮತ್ತು ಅದರಿಂದ ಕೈ, ಕತ್ತು, ಮೂತ್ರಪಿಂಡಕ್ಕೆ ಹೋಗುವ ಕವಲುಗಳು ಇದರ ಗುರಿ. ಹೆಚ್ಚಾಗಿ ಶುರುವಾಗುವುದು 40 ವರ್ಷದೊಳಗೆ, ಹೆಂಗಸರಲ್ಲಿ.

ಎರಡನೆಯದು ಬೆಹ್ಚೆಟ್ ಕಾಯಿಲೆ. ಮೇಲಿಂದ ಮೇಲೆ ಬಾಯಿಹುಣ್ಣು, ಗುಪ್ತಾಂಗದಲ್ಲಿ ಹುಣ್ಣು, ಕಣ್ಣು ಕೆಂಪಾಗಿ ಮಂಜಾಗುವುದು ಇದರ ಗುರುತು. ನಾಳದ ತೊಂದರೆ ಗಂಡಸರಲ್ಲಿ ಹೆಚ್ಚು, ಅದರಲ್ಲೂ ಶ್ವಾಸಕೋಶದ ನಾಳ ಉಬ್ಬಿದರೆ ಬಹಳ ಅಪಾಯ. ಚಿಕ್ಕ ಮಕ್ಕಳಲ್ಲಿ ಹೃದಯದ ನಾಳಗಳನ್ನು ಉಬ್ಬಿಸುವ ಕವಾಸಾಕಿ ಕಾಯಿಲೆಯ ವಿಷಯ ಮುಂದೆ ಬರುತ್ತದೆ. 50 ದಾಟಿದವರ ಕಣಪಟ್ಟಿಯ ನಾಳಕ್ಕೆ ಬರುವ ಜೈಂಟ್ ಸೆಲ್ ಆರ್ಟರೈಟಿಸ್, ಹೆಪಟೈಟಿಸ್ ಬಿ ಸೋಂಕಿನ ಜತೆ ಕೆಲವೊಮ್ಮೆ ಬರುವ ಪಾಲಿಆರ್ಟರೈಟಿಸ್ ನೊಡೋಸಾ ಕೂಡ ಇದೇ ಗುಂಪಿನವು.

ಗುಳಿಗೆ ಮೊದಲು ಏಕೆ?

ಉರಿಯೂತ ಜೋರಾಗಿರುವಾಗ ನಾಳದ ಗೋಡೆ ಮೆತ್ತಗಾಗಿ ಹೊಲಿಗೆ ಹಿಡಿಯುವುದಿಲ್ಲ. ಆಗ ಕೃತಕ ನಾಳ ಜೋಡಿಸಿದರೆ ಜೋಡಿಸಿದ ಜಾಗದಲ್ಲೇ ಹೊಸ ಉಬ್ಬು ಏಳಬಹುದು. ಸ್ಟೆಂಟ್ ಹಾಕಿದರೆ ಅದು ಮತ್ತೆ ಕಟ್ಟಿಕೊಳ್ಳಬಹುದು. ಬೆಹ್ಚೆಟ್ ರೋಗಿಗಳಲ್ಲಂತೂ ನಾಳಕ್ಕೆ ಸೂಜಿ ಚುಚ್ಚಿದ ಜಾಗವೂ ಉಬ್ಬಬಲ್ಲದು. ಮೇಲಾಗಿ ಕತ್ತರಿ ಸರಿಮಾಡುವುದು ಒಂದು ಜಾಗವನ್ನು ಮಾತ್ರ. ರೋಗ ಇರುವುದು ಮೈತುಂಬ ಹರಡಿದ ನಾಳಗಳಲ್ಲಿ.

ಆದ್ದರಿಂದಲೇ ತುರ್ತು ಇಲ್ಲದಿದ್ದರೆ ಮೊದಲು ಔಷಧದಿಂದ ಉರಿಯೂತ ತಣಿಸಿ, ರೋಗ ಶಾಂತವಾದ ಮೇಲೆ ಬೇಕಿದ್ದರೆ ಆಪರೇಷನ್ ಮಾಡುವುದು ಇಂದು ಜಗತ್ತಿನ ಎಲ್ಲೆಡೆ ಒಪ್ಪಿದ ಕ್ರಮ. ಉಬ್ಬು ಒಡೆಯುವಂತಿದ್ದರೆ, ನಾಳದ ಪದರ ಸೀಳಿದ್ದರೆ, ಅಂಗಕ್ಕೆ ರಕ್ತವೇ ಹೋಗದಿದ್ದರೆ ಕಾಯುವ ಮಾತಿಲ್ಲ. ಆಗ ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ಕೊಡುತ್ತಲೇ ಆಪರೇಷನ್ ಮಾಡುತ್ತಾರೆ.

ಚಿಕಿತ್ಸೆಗೆ ಮುನ್ನ ಆಗಲೇಬೇಕಾದದ್ದು

ಎಲ್ಲ ಉಬ್ಬೂ ಉರಿಯೂತದ್ದಲ್ಲ. ಕ್ಷಯ, ಸಿಫಿಲಿಸ್, ಟೈಫಾಯ್ಡ್ ಜಾತಿಯ ಕ್ರಿಮಿಗಳೂ ನಾಳದ ಗೋಡೆಯಲ್ಲಿ ಸೇರಿ ಅದನ್ನು ಉಬ್ಬಿಸುತ್ತವೆ. ಅಂಥವರಿಗೆ ಸ್ಟೆರಾಯ್ಡ್ ಕೊಟ್ಟರೆ ಕ್ರಿಮಿಗೆ ಬಾಗಿಲು ತೆರೆದುಕೊಟ್ಟಂತೆ. ಹಾಗಾಗಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆ ಬರೆದುಕೊಟ್ಟರೆ ‘ಇದಕ್ಕೂ ಕೈನೋವಿಗೂ ಏನು ಸಂಬಂಧ’ ಎಂದು ಬೇಸರಪಡಬೇಡಿ. ಹಿಂದೆ ಕ್ಷಯ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಇದ್ದರೆ ಮುಚ್ಚಿಡದೆ ಹೇಳಿ.

ಇನ್ನೊಂದು ಅಗತ್ಯ ಕೆಲಸ ಕತ್ತಿನಿಂದ ಸೊಂಟದವರೆಗಿನ ನಾಳಗಳ ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಂ. ಕೈ ನೋಯುತ್ತದೆ ಎಂದು ಕೈಯ ಡಾಪ್ಲರ್ ಒಂದನ್ನೇ ಮಾಡಿ ಬಿಟ್ಟರೆ ಹೊಟ್ಟೆಯಲ್ಲಿರುವ ಉಬ್ಬು ಗೊತ್ತಾಗುವುದಿಲ್ಲ. ಈ ಮೊದಲ ಸ್ಕ್ಯಾನಿನ ಸಿ.ಡಿ. ಜೋಪಾನ ಮಾಡಿ. ಮುಂದಿನ ಎಲ್ಲ ಹೋಲಿಕೆಗೂ ಅದೇ ಆಧಾರ, ಮತ್ತು ವರದಿಯ ಕಾಗದಕ್ಕಿಂತ ಚಿತ್ರಗಳೇ ಮುಖ್ಯ.

ಚಿಕಿತ್ಸೆ ಸಾಗುವ ಬಗೆ

1. ಸ್ಟೆರಾಯ್ಡ್. ಟಕಯಾಸುವಿನಲ್ಲಿ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅನ್ನು ತೂಕದ ಪ್ರತಿ ಕಿಲೋಗೆ 1 ಮಿ.ಗ್ರಾಂ ಲೆಕ್ಕದಲ್ಲಿ, ದಿನಕ್ಕೆ ಹೆಚ್ಚೆಂದರೆ 60 ಮಿ.ಗ್ರಾಂವರೆಗೆ ಶುರು ಮಾಡಿ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತಾರೆ. ಮುಂಜಾನೆ ಊಟ ಅಥವಾ ನಾಷ್ಟಾ ಆದ ಮೇಲೆ ನುಂಗಬೇಕು. ಜತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಸಕ್ಕರೆ ಅಂಶ, ಬಿಪಿ, ಕಣ್ಣು ಆಗಾಗ ತೋರಿಸಬೇಕು.

2. ಸ್ಟೆರಾಯ್ಡ್ ಇಳಿಸಲು ನೆರವಾಗುವ ಔಷಧ. ಸ್ಟೆರಾಯ್ಡ್ ಇಳಿಸುತ್ತಿದ್ದಂತೆ ರೋಗ ಮತ್ತೆ ತಲೆಯೆತ್ತುವುದು ಸಾಮಾನ್ಯ. ಅದಕ್ಕಾಗಿ ಮೊದಲಿನಿಂದಲೇ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್ ಅಥವಾ ಮೈಕೊಫಿನೊಲೇಟ್ ಜೋಡಿಸುತ್ತಾರೆ. ಇವು ನೋವಿನ ಗುಳಿಗೆಗಳಲ್ಲ. ಕೆಲಸ ತೋರಿಸಲು ವಾರಗಳೇ ಬೇಕು, ನುಂಗಿದ ದಿನ ಏನೂ ಅನಿಸುವುದಿಲ್ಲ. ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು.

3. ಜಗ್ಗದ ರೋಗಕ್ಕೆ ಇಂಜೆಕ್ಷನ್. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ಟೊಸಿಲಿಜುಮ್ಯಾಬ್ ಈ ಸಾಲಿನವು, ದುಬಾರಿ. ಇವುಗಳಿಗೆ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ.

4. ಬೆಹ್ಚೆಟ್‌ನ ದೊಡ್ಡ ಉಬ್ಬಿಗೆ ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ಜತೆ ಸೈಕ್ಲೊಫಾಸ್ಫಮೈಡ್ ಕೊಡುತ್ತಾರೆ. ಇದು ಮೂತ್ರಕೋಶವನ್ನು ಕೆರಳಿಸುವುದರಿಂದ ಅಂದು ನೀರು ಚೆನ್ನಾಗಿ ಕುಡಿಯಬೇಕು, ಮೂತ್ರ ಕೆಂಪಾದರೆ ತಕ್ಷಣ ಹೇಳಬೇಕು. ಮುಂದೆ ಮಕ್ಕಳಾಗುವುದಕ್ಕೆ ತೊಡಕಾಗಬಹುದು. ಈ ಮಾತನ್ನು ಔಷಧ ಶುರುವಾಗುವ ಮುನ್ನವೇ ಆಡಿ, ಸಂಕೋಚ ಬೇಡ.

5. ಬಿಪಿ. ಉಬ್ಬಿದ ಗೋಡೆಯ ಮೇಲಿನ ಹೊರೆ ಇಳಿಯಬೇಕಾದರೆ ಬಿಪಿ ಇಳಿಯಬೇಕು. ಟಕಯಾಸುವಿನಲ್ಲಿ ಇದಕ್ಕೊಂದು ಮೋಸವಿದೆ. ಅದನ್ನು ಮುಂದೆ ಬಿಡಿಸಿ ಹೇಳಿದೆ.

6. ಆಪರೇಷನ್ ಅಥವಾ ನಾಳದೊಳಗಿನ ಚಿಕಿತ್ಸೆ. ಉಬ್ಬು ಬೆಳೆಯುತ್ತಿದ್ದರೆ, ನೋವು ಕೊಡುತ್ತಿದ್ದರೆ, ಆಕಾರ ಅಪಾಯಕಾರಿಯಾಗಿದ್ದರೆ ಇದು ಬೇಕಾಗುತ್ತದೆ. ವಯಸ್ಸಾದವರ ಹೊಟ್ಟೆಯ ಉಬ್ಬಿಗೆ 5.5 ಸೆಂ.ಮೀ. ಎಂಬ ಗಡಿ ಹೇಳುವುದುಂಟು. ಉರಿಯೂತದ ಉಬ್ಬಿನಲ್ಲಿ ಆ ಒಂದು ಅಂಕಿಯನ್ನೇ ನೆಚ್ಚಲಾಗದು, ಬೆಳೆಯುವ ವೇಗವೂ ಲೆಕ್ಕಕ್ಕೆ ಬರುತ್ತದೆ. ನಿರ್ಧಾರವನ್ನು ರುಮಟಾಲಜಿಸ್ಟ್ (ಇಂಥ ಉರಿಯೂತದ ಕಾಯಿಲೆಗಳ ತಜ್ಞರು) ಮತ್ತು ರಕ್ತನಾಳದ ಸರ್ಜನ್ ಕೂಡಿ ಮಾಡಬೇಕು. ಸರ್ಜನ್ ಒಬ್ಬರೇ ‘ನಾಳೆ ಮಾಡೋಣ’ ಎಂದರೆ ‘ರೋಗ ಶಾಂತವಾಗಿದೆಯೇ’ ಎಂದು ಕೇಳುವ ಹಕ್ಕು ನಿಮಗಿದೆ. ಆಪರೇಷನ್ ಆದ ಮೇಲೂ ಗುಳಿಗೆ, ಸ್ಕ್ಯಾನು ತಪ್ಪುವುದಿಲ್ಲ.

ಬಿಪಿಯ ಮೋಸ

ಕೈಗೆ ಹೋಗುವ ನಾಳ ಕಿರಿದಾಗಿದ್ದರೆ ಆ ಕೈಯಲ್ಲಿ ಬಿಪಿ ಕಡಿಮೆ ತೋರಿಸುತ್ತದೆ. ಅದೇ ವೇಳೆಗೆ ಮೂತ್ರಪಿಂಡದ ನಾಳವೂ ಕಿರಿದಾಗಿ ಮೈಯೊಳಗೆ ಬಿಪಿ ಇನ್ನೂರರ ಹತ್ತಿರ ಇರಬಹುದು. ಯಂತ್ರ 100 ತೋರಿಸಿತು ಎಂದು ‘ಲೋ ಬಿಪಿ, ಉಪ್ಪು ಹಾಕಿ ಮಜ್ಜಿಗೆ ಕುಡಿ’ ಎಂದರೆ ಬೆಂಕಿಗೆ ತುಪ್ಪ ಸುರಿದ ಹಾಗೆಯೇ.

ಹೀಗೆ ಮಾಡಿ. ಐದು ನಿಮಿಷ ಸುಮ್ಮನೆ ಕೂತು ಎರಡೂ ತೋಳಿನಲ್ಲಿ ಬಿಪಿ ನೋಡಿಸಿ. ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ ಪ್ರತಿಸಲವೂ ಬಂದರೆ ಡಾಕ್ಟರಿಗೆ ಹೇಳಿ. 20 ದಾಟಿದರೆ ತಡಮಾಡದೆ ತೋರಿಸಿ. ಎರಡೂ ಕೈಯ ನಾಡಿ ಕ್ಷೀಣವಾಗಿದ್ದರೆ ತೊಡೆಗೆ ದೊಡ್ಡ ಪಟ್ಟಿ ಕಟ್ಟಿ ನೋಡಬೇಕು. ಸಾಮಾನ್ಯವಾಗಿ ಕಾಲಿನ ಬಿಪಿ ಕೈಗಿಂತ ಸ್ವಲ್ಪ ಹೆಚ್ಚಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಮಹಾಪಧಮನಿಯೇ ಹೊಟ್ಟೆಯಲ್ಲಿ ಕಿರಿದಾಗಿದ್ದರೆ ಕಾಲನ್ನೂ ನಂಬಲಾಗದು. ಆದ್ದರಿಂದ ‘ನನಗೆ ಯಾವ ಅಂಗದಲ್ಲಿ ಬಿಪಿ ನೋಡಬೇಕು’ ಎಂದು ತಜ್ಞರನ್ನೇ ಕೇಳಿ, ಉತ್ತರವನ್ನು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ. ಕುಂದಗೋಳದ ತಾಲೂಕು ಆಸ್ಪತ್ರೆಯಲ್ಲಾಗಲಿ, ಸಂಶಿ, ಗುಡಗೇರಿ, ಯರಗುಪ್ಪಿಯಂಥ ಊರಲ್ಲಾಗಲಿ ಸಿಸ್ಟರ್ ಬಿಪಿ ನೋಡಲು ಬಂದಾಗ ಆ ಸಾಲನ್ನು ಮೊದಲು ತೋರಿಸಿ.

ನಾವು ಮಾಡುವ ತಪ್ಪುಗಳು

ಸ್ಟೆರಾಯ್ಡ್ ಒಮ್ಮೆಲೇ ನಿಲ್ಲಿಸುವುದು. ಮುಖ ಊದುತ್ತದೆ, ಮೊಡವೆ ಬರುತ್ತವೆ. ಕನ್ಯೆ ನೋಡಲು ಬರುವವರಿದ್ದಾರೆ ಎಂದು ಗುಳಿಗೆ ಬಿಡಿಸುವ ಮನೆಗಳಿವೆ. ಹಾಗೆ ಬಿಟ್ಟರೆ ರೋಗ ಮರುಕಳಿಸುವುದು ಒಂದು ಕಡೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಸಿಕ್ಕ ದೇಹ ತನ್ನದೇ ಉತ್ಪಾದನೆ ನಿಲ್ಲಿಸಿರುವುದರಿಂದ ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರಮಾಣ ಇಳಿದಂತೆ ಮುಖದ ಊತವೂ ಇಳಿಯುತ್ತದೆ. ರೋಗ ಮುಚ್ಚಿಟ್ಟು ಮದುವೆ ಮಾಡುವುದು ಹುಡುಗಿಗೆ ಮಾಡುವ ಅನ್ಯಾಯ. ಗಂಡನ ಮನೆಯಲ್ಲಿ ಕದ್ದು ಗುಳಿಗೆ ನುಂಗಬೇಕಾದವಳು ಬಹುದಿನ ನುಂಗಲಾರಳು.

ಮೆಥೊಟ್ರೆಕ್ಸೇಟನ್ನು ದಿನಾ ನುಂಗುವುದು. ಇದು ವಾರಕ್ಕೆ ಒಂದೇ ದಿನದ ಗುಳಿಗೆ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸಾವು ಸಂಭವಿಸಬಹುದು. ವಾರದ ದಿನವನ್ನು ಚೀಟಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಸಂತೆಯ ದಿನವನ್ನೇ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಜತೆಗೆ ಕೊಡುವ ಫೋಲಿಕ್ ಆಸಿಡ್ ಬೇರೆ ದಿನದ್ದು, ಎರಡನ್ನೂ ಅದಲುಬದಲು ಮಾಡಬೇಡಿ.

ಬಸಿರಿನ ಯೋಚನೆ ಹೇಳದಿರುವುದು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ಸೈಕ್ಲೊಫಾಸ್ಫಮೈಡ್ ಭ್ರೂಣಕ್ಕೆ ಹಾನಿ ಮಾಡುತ್ತವೆ. ರೋಗ ಶಾಂತವಾಗಿದ್ದು, ಔಷಧವನ್ನು ತಿಂಗಳುಗಳ ಮುಂಚೆ ಬದಲಿಸಿಕೊಂಡರೆ ಟಕಯಾಸು ಇರುವವರೂ ತಾಯಂದಿರಾಗುತ್ತಾರೆ. ಅಜಥಯೋಪ್ರಿನ್‌ನಂಥ ದಾರಿಗಳಿವೆ.

ಬಟ್ಟಿ ತಿಕ್ಕಿಸುವುದು. ಹೊಕ್ಕುಳ ಹತ್ತಿರ ‘ಢವ ಢವ’ ಮಿಡಿದರೆ ಬಟ್ಟಿ ಸರಿದಿದೆ ಎಂದು ಎಣ್ಣೆ ಹಚ್ಚಿ ಒತ್ತಿ ತಿಕ್ಕಿಸುವುದು ನಮ್ಮಲ್ಲಿದೆ. ತೆಳ್ಳಗಿರುವವರಲ್ಲಿ ಆ ಮಿಡಿತ ಸಹಜವೂ ಹೌದು. ಆದರೆ ಉಬ್ಬು ಇರುವುದು ಗೊತ್ತಾದ ಮೇಲೆ ಹೊಟ್ಟೆ, ಕತ್ತು ಒತ್ತಿಸಿಕೊಳ್ಳಕೂಡದು. ಗೊಬ್ಬರದ ಚೀಲ, ಹತ್ತಿಯ ಅಂಡಿಗೆ ಎತ್ತುವುದೂ ಬೇಡ. ಬೀಡಿ, ಗುಟ್ಕಾ ಬಿಡಲೇಬೇಕು.

ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವೇ ಮುಂದುವರಿಸುವುದು. ಬೆಹ್ಚೆಟ್‌ನಲ್ಲಿ ಕಾಲಿನ ನಾಳ ಹೆಪ್ಪುಗಟ್ಟುವುದೂ ಉಂಟು, ಶ್ವಾಸಕೋಶದ ನಾಳ ಉಬ್ಬುವುದೂ ಉಂಟು. ಹೆಪ್ಪಿಗೆ ಕೊಟ್ಟ ಔಷಧ ಉಬ್ಬು ಒಡೆದಾಗ ರಕ್ತಸ್ರಾವವನ್ನು ತಡೆಯಲಾರದಂತೆ ಮಾಡುತ್ತದೆ. ಇನ್ನೊಂದು ಎಡವಟ್ಟು: ಕೆಮ್ಮಿನಲ್ಲಿ ರಕ್ತ ಕಂಡೊಡನೆ ಟಿಬಿ ಎಂದುಕೊಳ್ಳುವುದು. ಕಫದ ಪರೀಕ್ಷೆ ಮಾಡಿಸಲೇಬೇಕು. ಬಾಯಿಹುಣ್ಣಿನ ಇತಿಹಾಸ ಇದ್ದರೆ ಅದನ್ನೂ ಹೇಳಿ, ಎದೆಯ ಸಿಟಿ ಆಂಜಿಯೋ ಬೇಕೇ ಎಂದು ಕೇಳಿ.

ಇಎಸ್‌ಆರ್ ನಾರ್ಮಲ್ ಎಂದು ಸ್ಕ್ಯಾನು ಬಿಡುವುದು. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆ ಎರಡೂ ಸರಿಯಿದ್ದಾಗಲೂ ನಾಳದ ಗೋಡೆಯಲ್ಲಿ ರೋಗ ಮುಂದುವರಿದಿರಬಹುದು. ಟೊಸಿಲಿಜುಮ್ಯಾಬ್ ಪಡೆಯುವವರಲ್ಲಂತೂ ಈ ಅಂಕಿಗಳು ಔಷಧದಿಂದಲೇ ಇಳಿದಿರುತ್ತವೆ.

ಮಕ್ಕಳ ಜ್ವರ ಐದು ದಿನ ದಾಟಿದರೆ

ಕವಾಸಾಕಿಯಲ್ಲಿ ಮಾತ್ರ ಗಡಿಯಾರ ಬೇರೆಯೇ ವೇಗದಲ್ಲಿ ಓಡುತ್ತದೆ. ಹೆಚ್ಚಾಗಿ 5 ವರ್ಷದೊಳಗಿನ ಮಗು. ಐದು ದಿನವಾದರೂ ಇಳಿಯದ ಜ್ವರ, ಪಿಸುರಿಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ಕೆಂಪು ತುಟಿ, ಕೆಂಪು ನಾಲಿಗೆ, ಮೈಮೇಲೆ ದಡಿಕೆ, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಡ್ಡೆ. ಎಲ್ಲವೂ ಒಂದೇ ದಿನ ಕಾಣಬೇಕೆಂದಿಲ್ಲ. ನಿನ್ನೆ ಇದ್ದ ದಡಿಕೆ ಇಂದು ಹೋಗಿದ್ದರೂ ಡಾಕ್ಟರಿಗೆ ಹೇಳಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಆಂಟಿಬಯಾಟಿಕ್ ಬದಲಿಸುತ್ತ ಕೂತರೆ ದಿನ ಹೋಗುತ್ತದೆ. ಬೆರಳ ತುದಿಯ ಚರ್ಮ ಸುಲಿಯುವುದು ಎರಡನೇ ವಾರದ ಹೊತ್ತಿಗೆ, ಅಲ್ಲಿವರೆಗೆ ಕಾಯಬಾರದು.

ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯದ ನಾಳಕ್ಕೆ ಹಾನಿಯಾಗುತ್ತದೆ. ಜ್ವರ ಶುರುವಾದ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಅನ್ನು ತೂಕದ ಪ್ರತಿ ಕಿಲೋಗೆ 2 ಗ್ರಾಂನಂತೆ ಒಮ್ಮೆ ರಕ್ತಕ್ಕೆ ಹರಿಸಿದರೆ ಆ ಹಾನಿ ಶೇ 4ರ ಆಸುಪಾಸಿಗೆ ಇಳಿಯುತ್ತದೆ. ಔಷಧ ದುಬಾರಿ, ಆದರೆ ಅದರ ಲಾಭ ಬಹಳ ಸ್ಪಷ್ಟ. ಜತೆಗೆ ಆಸ್ಪಿರಿನ್, ಮತ್ತು ಶುರುವಿನಲ್ಲಿ, ಒಂದೆರಡು ವಾರಕ್ಕೆ, ನಾಲ್ಕರಿಂದ ಆರು ವಾರಕ್ಕೆ ಎಕೋ ಪರೀಕ್ಷೆ. ಆಸ್ಪಿರಿನ್ ನಡೆಯುತ್ತಿರುವಾಗ ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಅಥವಾ ಫ್ಲೂ ಬಂದರೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ದಡಾರದ ಲಸಿಕೆಯನ್ನು ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ 11 ತಿಂಗಳು ಮುಂದೂಡುತ್ತಾರೆ, ಅಂಗನವಾಡಿಯವರಿಗೆ ಚೀಟಿ ತೋರಿಸಿ. ಸಮಾಧಾನದ ಮಾತೆಂದರೆ ಮಕ್ಕಳ ಚಿಕ್ಕ ಉಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೆರಡು ವರ್ಷದಲ್ಲಿ ತಾವೇ ಇಳಿಯುತ್ತವೆ.

ಕಾಯಬಾರದ ಹೊತ್ತು

ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ಸೀಳಿದಂಥ ನೋವು, ಕೆಮ್ಮಿದಾಗ ರಕ್ತ, ತಲೆ ತಿರುಗಿ ಬೀಳುವುದು, ಕೈಕಾಲು ಒಮ್ಮೆಲೇ ತಣ್ಣಗಾಗಿ ಬಿಳಿಚುವುದು, ಮಾತು ತೊದಲುವುದು, ಒಂದು ಪಕ್ಕ ಸ್ವಾಧೀನ ತಪ್ಪುವುದು, ಕಣ್ಣು ಕತ್ತಲಿಡುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ‘ರಕ್ತನಾಳ ಉಬ್ಬಿದ ರೋಗಿ’ ಎಂದೇ ಹೇಳಿ. ಸ್ಟೆರಾಯ್ಡ್ ನುಂಗುವವರಿಗೆ ಜ್ವರ ಬಂದರೂ ಮೂರು ದಿನ ನೋಡೋಣ ಎನ್ನುವ ಲೆಕ್ಕ ಬೇಡ, ಅಂದೇ ತೋರಿಸಿ.

ಎಲ್ಲಿಗೆ ಹೋಗಬೇಕು?

ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದರು. ಜಡ್ಡಿನವರ ಪ್ರಯಾಣ ಅದೇ ಹಳಿಯ ಮೇಲೆ ತಿರುವುಮುರುವು. ಹುಬ್ಬಳ್ಳಿಯಲ್ಲಿ 1957ರಲ್ಲಿ ಶುರುವಾಗಿ ಎಲ್ಲರೂ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಮೊದಲ ಮೆಟ್ಟಿಲು. ಧಾರವಾಡದ ಎಸ್‌ಡಿಎಂ, ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗಳೂ ಹತ್ತಿರದವೇ. ಇನ್ನೂ ದೊಡ್ಡ ಪ್ರಶ್ನೆ ಎದ್ದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಸೇಂಟ್ ಜಾನ್ಸ್, ಅಥವಾ ಟಕಯಾಸುವಿನ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿರುವ ವೆಲ್ಲೂರಿನ ಸಿಎಂಸಿ ಇವೆ. ಎಲ್ಲಿಗೇ ಹೋದರೂ ಕೇಳಬೇಕಾದ ವಿಭಾಗ ರುಮಟಾಲಜಿ. ಬೆಂಗಳೂರಿಗೆ ಒಮ್ಮೆ ಹೋಗಿ ಚಿಕಿತ್ಸೆಯ ನಕ್ಷೆ ಬರೆಸಿಕೊಂಡು ಬಂದು, ತಿಂಗಳ ರಕ್ತಪರೀಕ್ಷೆ ಮತ್ತು ಬಿಪಿಯನ್ನು ಹುಬ್ಬಳ್ಳಿ, ಕುಂದಗೋಳದಲ್ಲೇ ಮಾಡಿಸಿಕೊಳ್ಳುವುದು ಹಳ್ಳಿಯವರಿಗೆ ಹೆಚ್ಚು ಬಾಳಿಕೆ ಬರುವ ದಾರಿ ಎಂಬುದು ನನ್ನ ಅಭಿಪ್ರಾಯ. ಪ್ರತಿ ತಿಂಗಳು ದೂರದೂರಿಗೆ ಹೋಗಬೇಕೆಂದರೆ ಮೂರನೇ ತಿಂಗಳಿಗೆ ಬೇಸರ ಬರುತ್ತದೆ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಎಪಿಎಲ್ ಕಾರ್ಡಿನವರಿಗೆ ನಿಗದಿತ ವೆಚ್ಚದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತುರ್ತಲ್ಲದ ಚಿಕಿತ್ಸೆಗೆ ಬೇಕಾಗುವುದರಿಂದ ನೇರವಾಗಿ ಖಾಸಗಿ ಆಸ್ಪತ್ರೆ ಹೊಕ್ಕು ಆಮೇಲೆ ಪತ್ರಕ್ಕೆ ಓಡಾಡಬೇಡಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡನ್ನೂ ವಿಚಾರಿಸಿ. ಪ್ರೆಡ್ನಿಸೊಲೋನ್, ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಂಥವು.

ಗುಳಿಗೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ಮುಂದಿನ ತಿಂಗಳದ್ದು ತಂದಿಡಿ. ಹೊಸ ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಫೈಲು ಮತ್ತು ಮೊದಲ ಸ್ಕ್ಯಾನಿನ ಸಿ.ಡಿ.ಯನ್ನು ತಪ್ಪದೆ ಒಯ್ಯಿರಿ.